ಅಟ್ಟದಿಂದ ಇಳಿಸಿದ ಬ್ಲೂಟೂತ್ ಸ್ಪೀಕರ್ ಚಾರ್ಜ್ ಆಗ್ತಿಲ್ವಾ? ಎಸೆಯುವ ಮೊದಲು ಇಷ್ಟು ಮಾಡಿ ನೋಡಿ

ಅಮ್ಮನ ಸ್ಪೀಕರ್ ಒಂದೂವರೆ ವರ್ಷ ಅಟ್ಟದ ಮೇಲಿತ್ತು. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಸಾಮಾನೆಲ್ಲ ಮೇಲೆ ಹೋಗಿತ್ತು, ಅದರ ಜೊತೆ ಇದೂ ಹೋಗಿತ್ತು. ದಸರೆಗೆ ಗೊಂಬೆ ಪೆಟ್ಟಿಗೆ ಇಳಿಸುವಾಗ ಮೂಲೆಯಲ್ಲಿ ಸಿಕ್ಕಿತು. ಗೊಂಬೆ ಹತ್ತಿರ ಹಾಡು ಹಾಕೋಣ ಅಂತ ಚಾರ್ಜಿಗೆ ಹಾಕಿದರೆ ಲೈಟೇ ಬರಲಿಲ್ಲ. ಬಟನ್ ಎಷ್ಟು ಒತ್ತಿದರೂ ಸದ್ದಿಲ್ಲ. "ಹೋಗ್ಲಿ ಬಿಡು, ಹೊಸದು ತಗೊಂಡ್ರಾಯ್ತು" ಅಂದರು ಅಮ್ಮ. ನನಗೆ ಮನಸ್ಸು ಬರಲಿಲ್ಲ. ಅವರು ಬೆಳಗ್ಗೆ ತರಕಾರಿ ಹೆಚ್ಚುತ್ತಾ ವರ್ಷಗಟ್ಟಲೆ ಹಾಡು ಕೇಳಿದ್ದು ಅದರಲ್ಲೇ.

ಸಂಜೆ ಹೊತ್ತಿಗೆ ಅದು ಮತ್ತೆ ಹಾಡಿತು. ಬಿಚ್ಚಲೂ ಇಲ್ಲ, ಒಂದು ರೂಪಾಯಿ ಖರ್ಚೂ ಆಗಲಿಲ್ಲ. ಆಮೇಲೆ ನೆಂಟರು, ಅಕ್ಕಪಕ್ಕದವರು ತಮ್ಮ ತಮ್ಮ ಸ್ಪೀಕರ್ ತಂದುಕೊಟ್ಟರು. ಅವುಗಳಲ್ಲಿ ಹೆಚ್ಚಿನವು ನಿಜಕ್ಕೂ ಕೆಟ್ಟಿರಲಿಲ್ಲ. ಹಾಗಂತ ಎಲ್ಲವನ್ನೂ ಎಬ್ಬಿಸಬಾರದು ಅನ್ನುವುದನ್ನೂ ಆ ಕೆಲಸದಲ್ಲೇ ಕಲಿತೆ. ಎಲ್ಲಿವರೆಗೆ ಪ್ರಯತ್ನ ಮಾಡಬೇಕು, ಎಲ್ಲಿ ಕೈಬಿಡಬೇಕು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದೇ ಕ್ರಮದಲ್ಲಿ ಮಾಡಿ. ಮೊದಲೇ ಸ್ಕ್ರೂ ಡ್ರೈವರ್ ಹಿಡಿಯಬೇಡಿ.

ಸುಮ್ನೆ ಇಟ್ಟರೂ ಬ್ಯಾಟರಿ ಯಾಕೆ ಖಾಲಿಯಾಗುತ್ತದೆ

ಈಗಿನ ಸಣ್ಣ ಸ್ಪೀಕರ್‌ಗಳಲ್ಲಿ ಇರುವುದು ಲೀಥಿಯಂ ಅಯಾನ್ ಬ್ಯಾಟರಿ. ಫುಲ್ ಚಾರ್ಜ್ ಆದಾಗ ಒಂದು ಸೆಲ್ 4.2 ವೋಲ್ಟ್ ತೋರಿಸುತ್ತದೆ. 3 ವೋಲ್ಟ್ ಹತ್ತಿರ ಬಂದರೆ ಖಾಲಿ ಅಂತ ಲೆಕ್ಕ. ನಾವು ಸ್ವಿಚ್ ಆಫ್ ಮಾಡಿ ಇಟ್ಟರೂ ಒಳಗೆ ಒಂದು ಚಿಪ್ ಎಚ್ಚರವಾಗಿಯೇ ಇರುತ್ತದೆ, ನೀವು ಯಾವಾಗ ಬಟನ್ ಒತ್ತುತ್ತೀರಿ ಅಂತ ಕಾಯುತ್ತಾ. ಅದು ಚೂರು ಚೂರೇ ಕರೆಂಟ್ ಎಳೆಯುತ್ತದೆ. ಬ್ಯಾಟರಿಯೂ ತನ್ನಷ್ಟಕ್ಕೆ ತಿಂಗಳಿಗೆ ಸ್ವಲ್ಪ ಇಳಿಯುತ್ತದೆ. ಚಾರ್ಜ್ ಕಮ್ಮಿ ಇದ್ದಾಗಲೇ ಅಟ್ಟಕ್ಕೆ ಏರಿಸಿದ್ದರೆ ಕೆಲವೇ ತಿಂಗಳಲ್ಲಿ ತಳ ಮುಟ್ಟುತ್ತದೆ.

ಸುಮಾರು 2.5 ವೋಲ್ಟ್‌ಗೆ ಇಳಿದಾಗ ಬ್ಯಾಟರಿ ತಲೆ ಮೇಲಿರುವ ಪುಟ್ಟ ರಕ್ಷಣಾ ಬೋರ್ಡ್ ಸಂಪರ್ಕವನ್ನೇ ಕತ್ತರಿಸುತ್ತದೆ. ಒಳಗಿಂದ ಅಗುಳಿ ಹಾಕಿಕೊಂಡ ಹಾಗೆ. ಹೊರಗಿನ ಚಾರ್ಜಿಂಗ್ ಚಿಪ್‌ಗೆ ಆಗ ಬ್ಯಾಟರಿ ಇರುವುದೇ ಕಾಣದಿರಬಹುದು. ಕಂಡರೂ ಅದು ಒಮ್ಮೆಲೇ ಪೂರ್ತಿ ಕರೆಂಟ್ ಕೊಡುವುದಿಲ್ಲ. ಉಪವಾಸ ಇದ್ದವರಿಗೆ ಮೊದಲು ಗಂಜಿ ಕೊಡುತ್ತೇವಲ್ಲ, ಹಾಗೆ ಮಾಮೂಲಿ ಕರೆಂಟಿನ ಹತ್ತನೇ ಒಂದು ಭಾಗದಷ್ಟನ್ನೇ ಕೊಡುತ್ತಾ ಹೋಗುತ್ತದೆ. ಸೆಲ್ 3 ವೋಲ್ಟ್ ಹತ್ತಿರ ಬಂದ ಮೇಲಷ್ಟೇ ಜೋರು. ಈ ಗಂಜಿಯ ಹೊತ್ತಿನಲ್ಲಿ ಎಷ್ಟೋ ಸ್ಪೀಕರ್‌ಗಳು ಲೈಟ್ ಕೂಡ ತೋರಿಸುವುದಿಲ್ಲ. ಹತ್ತು ನಿಮಿಷ ನೋಡಿ "ಸತ್ತೋಯ್ತು" ಅಂತ ನಾವು ತೀರ್ಮಾನ ಮಾಡುವುದು ಇಲ್ಲೇ.

ಪ್ಲಗ್‌ಗೆ ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಸ್ಪೀಕರನ್ನು ಸಮತಟ್ಟಾದ ನೆಲದ ಮೇಲಿಡಿ. ಮೊದಲು ಸರಿಯಾಗಿ ಕೂರುತ್ತಿದ್ದದ್ದು ಈಗ ಅಲ್ಲಾಡುತ್ತಿದೆಯಾ? ಕೆಳಗಿನ ರಬ್ಬರ್ ಮೇಲೆದ್ದಿದೆಯಾ? ಎರಡು ಭಾಗ ಸೇರುವ ಗೆರೆ ಬಾಯಿ ಬಿಟ್ಟಿದೆಯಾ? ಮೂಗಿನ ಹತ್ತಿರ ಹಿಡಿದರೆ ನೇಲ್ ಪಾಲಿಶ್ ಒರೆಸುವ ದ್ರವದಂಥ ವಾಸನೆ ಬರುತ್ತಿದೆಯಾ? ಇದರಲ್ಲಿ ಒಂದು ಇದ್ದರೂ ಬ್ಯಾಟರಿ ಉಬ್ಬಿದೆ ಅಥವಾ ಸೋರಿದೆ ಅಂತ ಇಟ್ಟುಕೊಳ್ಳಿ. ಅದನ್ನು ಯಾವ ಕಾರಣಕ್ಕೂ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ತಗುಲುವ ಸಾಮಾನು ಇಲ್ಲದ ಕಡೆ, ಮನೆಯ ಹೊರಗೆ, ಬಿಸಿಲು ಮಳೆ ಬೀಳದ ಜಾಗದಲ್ಲಿ ಇಟ್ಟುಬಿಡಿ. ಅದನ್ನು ಎಲ್ಲಿಗೆ ಕೊಡಬೇಕು ಅಂತ ಕೊನೆಗೆ ಹೇಳುತ್ತೇನೆ.

ಇನ್ನೊಂದು ಮಾತು. ಶೀಟಿನ ಮನೆಯ ಅಟ್ಟ ಬೇಸಿಗೆಯಲ್ಲಿ ಕಾದ ಕಾವಲಿಯಾಗಿರುತ್ತದೆ. ಅಲ್ಲಿಂದ ಇಳಿಸಿದ ತಕ್ಷಣ ಚಾರ್ಜಿಗೆ ಹಾಕಬೇಡಿ. ಒಂದೆರಡು ಗಂಟೆ ನೆರಳಲ್ಲಿ ತಣ್ಣಗಾಗಲಿ. ಲೀಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಮಾತ್ರ ಚಾರ್ಜ್ ಮಾಡಬೇಕು. ತಾಪ ಅಳೆಯುವ ಸೆನ್ಸರ್ ಇರುವ ಸ್ಪೀಕರ್‌ಗಳು ಬಿಸಿಯಿದ್ದಾಗ ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ.

ಕೇಬಲ್, ಅಡಾಪ್ಟರ್: ತಪ್ಪು ಜಾಸ್ತಿ ಇರುವುದು ಇಲ್ಲೇ

ಪಕ್ಕದ ಮನೆ ಹುಡುಗ ತಂದ ಸ್ಪೀಕರ್‌ಗೆ ಒಂದು ಕೇಬಲ್ ಬದಲಾಯಿಸಿದ್ದೇ ರಿಪೇರಿ. ಅವನ ಹತ್ತಿರ ಇದ್ದದ್ದು ಎರಡೂ ಕಡೆ ಟೈಪ್ ಸಿ ಪಿನ್ ಇರುವ ಹೊಸ ಫೋನಿನ ಕೇಬಲ್. ಅಂಥ ಕೇಬಲ್‌ನಲ್ಲಿ ಚಾರ್ಜರ್ ಸುಮ್ನೆ ಕರೆಂಟ್ ಬಿಡುವುದಿಲ್ಲ. ಆ ಕಡೆ ಚಾರ್ಜ್ ಬೇಡುವ ವಸ್ತು ಇದೆಯಾ ಅಂತ ಮೊದಲು ಕೇಳುತ್ತದೆ. ಉತ್ತರ ಕೊಡಬೇಕಾದ್ದು ಸ್ಪೀಕರ್ ಒಳಗಿನ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳು. ಅಗ್ಗದ ಸ್ಪೀಕರ್‌ಗಳಲ್ಲಿ ಎಷ್ಟೋ ಸಲ ಅವನ್ನು ಹಾಕಿಯೇ ಇರುವುದಿಲ್ಲ. ಉತ್ತರ ಬರದಿದ್ದರೆ ಚಾರ್ಜರ್ ಸುಮ್ಮನಿರುತ್ತದೆ. ಒಂದು ಕಡೆ ಹಳೇ ಅಗಲದ ಯುಎಸ್‌ಬಿ, ಇನ್ನೊಂದು ಕಡೆ ಟೈಪ್ ಸಿ ಇರುವ ಕೇಬಲ್ ಹಾಕಿದರೆ ಈ ಪ್ರಶ್ನೋತ್ತರವೇ ಇಲ್ಲ, 5 ವೋಲ್ಟ್ ನೇರವಾಗಿ ಹೋಗುತ್ತದೆ. ಅವನ ಸ್ಪೀಕರ್ ಹಾಗೇ ಎದ್ದಿತು.

ಹಾಗಾಗಿ ಮನೆಯಲ್ಲಿರುವ ಹಳೇ ಫೋನಿನ 5 ವೋಲ್ಟ್, 1 ಅಥವಾ 2 ಆಂಪಿಯರ್ ಅಡಾಪ್ಟರ್ ಹುಡುಕಿ. ಕೇಬಲ್ ಒಳ್ಳೆಯದಾ ಅಂತ ಬೇರೆ ಫೋನಿಗೆ ಹಾಕಿ ಖಾತ್ರಿ ಮಾಡಿಕೊಳ್ಳಿ. ಪವರ್ ಬ್ಯಾಂಕ್ ಈ ಕೆಲಸಕ್ಕೆ ಬೇಡ. ಎಳೆಯುವ ಕರೆಂಟ್ ತೀರಾ ಕಮ್ಮಿ ಇದ್ದರೆ ಪವರ್ ಬ್ಯಾಂಕ್ ಯಾರೂ ಇಲ್ಲ ಅಂದುಕೊಂಡು ತಾನೇ ಆಫ್ ಆಗಿಬಿಡುತ್ತದೆ. ನಮಗೆ ಬೇಕಾಗಿರುವುದು ಆ ತೀರಾ ಕಮ್ಮಿ ಕರೆಂಟೇ.

ನಿಮ್ಮ ಸ್ಪೀಕರ್‌ಗೆ ದುಂಡು ಪಿನ್ ಇದ್ದರೆ ತುಂಬಾ ಹುಷಾರು. ವೈಫೈ ರೂಟರ್‌ನ ಪಿನ್ ಅದಕ್ಕೆ ಸಲೀಸಾಗಿ ಕೂರಬಹುದು. ಆದರೆ ರೂಟರ್‌ನದು ಸಾಮಾನ್ಯವಾಗಿ 12 ವೋಲ್ಟ್. ಸ್ಪೀಕರ್ ಕೇಳುವುದು 5 ಆಗಿದ್ದರೆ ಒಂದು ಕ್ಷಣದಲ್ಲಿ ಬೋರ್ಡ್ ಸುಟ್ಟುಹೋಗುತ್ತದೆ. ಸ್ಪೀಕರ್ ಹಿಂದೆ ಅಥವಾ ತಳದಲ್ಲಿ ಬರೆದಿರುವ ವೋಲ್ಟ್ ಓದಿ, ಅಡಾಪ್ಟರ್ ಮೇಲಿನದಕ್ಕೆ ಹೋಲಿಸಿ, ಆಮೇಲೆ ಹಾಕಿ.

ಪಿನ್ ಕೂರುವ ಜಾಗ

ಟಾರ್ಚ್ ಬಿಟ್ಟು ಒಳಗೆ ನೋಡಿ. ಚೀಲದ ಜುಂಗು, ಧೂಳು ಸೇರಿ ಗಟ್ಟಿಯಾಗಿ ತಳದಲ್ಲಿ ಕೂತಿರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದ ಸ್ಪೀಕರ್ ಆದರೆ ಲೋಹದ ಮೇಲೆ ಹಸಿರು ಕಿಲುಬು ಇರಬಹುದು. ಸೂಜಿ, ಗುಂಡುಪಿನ್ನು ಬೇಡ, ಒಳಗಿನ ಸಂಪರ್ಕಗಳು ಬಾಗುತ್ತವೆ. ಹಲ್ಲು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಆಮೇಲೆ ಹಳೇ ಮೆತ್ತನೆ ಹಲ್ಲುಜ್ಜುವ ಬ್ರಷ್‌ಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ, ಅರ್ಧ ಗಂಟೆ ಒಣಗಲು ಬಿಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಜೆಲ್ ಸ್ಯಾನಿಟೈಜರ್ ಹಾಕಬೇಡಿ, ಅಂಟು ಉಳಿಯುತ್ತದೆ. ಕೇಬಲ್ ಹಾಕಿದಾಗ ಪಿನ್ ಲಡಲಡ ಅಂದರೆ ಬೆಸುಗೆ ಬಿಟ್ಟಿರಬಹುದು, ಅದು ಮೊಬೈಲ್ ರಿಪೇರಿ ಅಂಗಡಿಯವರ ಕೆಲಸ.

ಈಗ ಕಾಯಿರಿ

ಸ್ಪೀಕರನ್ನು ಟೈಲ್ಸ್ ಅಥವಾ ಕಲ್ಲಿನ ನೆಲದ ಮೇಲಿಟ್ಟು ಚಾರ್ಜಿಗೆ ಹಾಕಿ. ಹಾಸಿಗೆ, ಸೋಫಾ, ಪೇಪರ್ ರಾಶಿ ಹತ್ತಿರ ಬೇಡ. ಅಡುಗೆ ಕಟ್ಟೆ ಕಲ್ಲಿನದೇ ಆದರೂ ಗ್ಯಾಸ್ ಸಿಲಿಂಡರ್ ಇರುವ ಜಾಗ ಅದು, ಅಲ್ಲೂ ಬೇಡ. ಹಗಲಲ್ಲಿ, ನೀವು ಎಚ್ಚರವಾಗಿ ಮನೆಯಲ್ಲೇ ಇರುವಾಗ ಮಾಡಿ. ರಾತ್ರಿ ಹಾಕಿ ಮಲಗಬೇಡಿ. ಮಧ್ಯೆ ಮಧ್ಯೆ ಆನ್ ಬಟನ್ ಒತ್ತಬೇಡಿ, ಬಂದ ಚೂರುಪಾರು ಚಾರ್ಜನ್ನೂ ಅದು ತಿಂದುಬಿಡುತ್ತದೆ.

ಎಷ್ಟು ಹೊತ್ತು? ಕನಿಷ್ಠ ಎರಡು ಗಂಟೆ, ಹೆಚ್ಚೆಂದರೆ ನಾಲ್ಕೈದು ಗಂಟೆ. ಅರ್ಧ ಗಂಟೆಗೊಮ್ಮೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿಯಾದರೆ ಪ್ಲಗ್ ತೆಗೆದು ಸ್ಪೀಕರನ್ನು ಹೊರಗಿಡಿ.

ಕಾಯುವಾಗ ಒಂದು ಯುಎಸ್‌ಬಿ ಮೀಟರ್ ಇದ್ದರೆ ಊಹೆಯ ಕೆಲಸ ಇರುವುದಿಲ್ಲ. ಬೆರಳುದ್ದದ ಡಬ್ಬಿ ಅದು. ಅಡಾಪ್ಟರ್ ಮತ್ತು ಕೇಬಲ್ ಮಧ್ಯೆ ಹಾಕಿದರೆ ವೋಲ್ಟ್, ಆಂಪಿಯರ್ ತೋರಿಸುತ್ತದೆ. ಅಮ್ಮನ ಸ್ಪೀಕರ್‌ಗೆ ಹಾಕಿದಾಗ ಆಂಪಿಯರ್ ಜಾಗದಲ್ಲಿ ಮೊದಲು ಕಂಡದ್ದು 0.00. ಪಿನ್ ಜಾಗ ಚೊಕ್ಕ ಮಾಡಿ ಮತ್ತೆ ಹಾಕಿದೆ. 0.00 ಹೋಗಿ 0.04 ಬಂತು. ಲೈಟ್ ಮಾತ್ರ ಇಲ್ಲ. ಆ 0.04 ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಯಿತಲ್ಲ! ಐವತ್ತು ನಿಮಿಷ ಹಾಗೇ ಇತ್ತು. ಆಮೇಲೆ ನಾನು ನೋಡುತ್ತಿದ್ದಂತೆಯೇ 0.04 ಇದ್ದದ್ದು 0.46ಕ್ಕೆ ಜಿಗಿಯಿತು. ಅದೇ ಕ್ಷಣ ಬದಿಯ ಕೆಂಪು ಲೈಟ್ ಹತ್ತಿತು. ಗಂಜಿ ಮುಗಿದು ಊಟ ಶುರುವಾದದ್ದು ಹಾಗೆ.

ಮೀಟರ್ ಹೀಗೆ ಓದಿ. ಸ್ವಲ್ಪವಾದರೂ ಕರೆಂಟ್ ಹೋಗುತ್ತಿದ್ದರೆ ಕಾಯಿರಿ. ಪೂರ್ತಿ 0.00 ಇದ್ದರೆ ಕೇಬಲನ್ನು ಏಳೆಂಟು ಸಲ ತೆಗೆದು ಹಾಕಿ, ಕೆಲವೊಮ್ಮೆ ರಕ್ಷಣಾ ಬೋರ್ಡ್ ಅಷ್ಟಕ್ಕೇ ಅಗುಳಿ ತೆಗೆಯುತ್ತದೆ. ನಾಲ್ಕೈದು ಗಂಟೆ ಆದರೂ ಆ ಸಣ್ಣ ಅಂಕಿಯಲ್ಲೇ ನಿಂತಿದ್ದರೆ ಸೆಲ್ ಮೇಲೇಳುತ್ತಿಲ್ಲ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ.

ಚಾರ್ಜಿನಲ್ಲಿ ಇರುವಾಗಲೇ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯುವುದನ್ನೂ ಒಮ್ಮೆ ಮಾಡಿ ನೋಡಿ. ಒಳಗಿನ ಚಿಪ್ ಸಿಕ್ಕಿಹಾಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಕೆಲವು ಕಂಪನಿಯವರು ಬ್ಯಾಟರಿ ಉಳಿಸಲು ಸ್ಪೀಕರ್ ತಾನೇ ಗಾಢ ನಿದ್ದೆಗೆ ಹೋಗುವಂತೆ ಮಾಡಿರುತ್ತಾರೆ. ಅವು ಚಾರ್ಜರ್ ಸಿಕ್ಕಿದ ಮೇಲಷ್ಟೇ ಏಳುವುದು.

ಬಿಚ್ಚಲೇಬೇಕಾದರೆ

ವಾರಂಟಿ ಇದ್ದರೆ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ. ನೀರು ನಿರೋಧಕ ಸ್ಪೀಕರ್ ಆದರೆ ಒಮ್ಮೆ ಬಿಚ್ಚಿದ ಮೇಲೆ ಆ ಗುಣ ಉಳಿಯುವುದು ಕಷ್ಟ. ಇವೆರಡೂ ಅಡ್ಡಿಯಿಲ್ಲ, ಕೈಗೆ ಸ್ವಲ್ಪ ಅಭ್ಯಾಸವೂ ಇದೆ ಅಂದರೆ ಮುಂದೆ ಓದಿ.

ಸ್ಕ್ರೂಗಳು ಸಾಮಾನ್ಯವಾಗಿ ರಬ್ಬರ್ ಕಾಲಿನ ಅಡಿ ಅಥವಾ ಜಾಲರಿಯ ಹಿಂದೆ ಇರುತ್ತವೆ. ಜಾಲರಿ ತೆಗೆದ ಮೇಲೆ ಒಂದು ಅಪಾಯ ಇದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಸ್ಪೀಕರ್ ಹಿಂದಿನ ಮ್ಯಾಗ್ನೆಟ್ ಸ್ಕ್ರೂ ಡ್ರೈವರ್ ತುದಿಯನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ತುದಿ ಹೋಗಿ ಕೋನ್‌ಗೆ, ಅಂದರೆ ಅದುರಿ ಸದ್ದು ಮಾಡುವ ತೆಳು ಭಾಗಕ್ಕೆ, ಚುಚ್ಚಿದರೆ ತೂತು ಬಿತ್ತು, ಆಮೇಲೆ ಹಾಡಿನ ಜೊತೆ ಬರಬರ ಸದ್ದು. ಒಂದು ರಟ್ಟಿನ ತುಂಡನ್ನು ಕೋನ್ ಮುಂದೆ ಅಡ್ಡ ಇಟ್ಟು ಕೆಲಸ ಮಾಡಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಬ್ಯಾಟರಿಯ ಕನೆಕ್ಟರನ್ನು ಬೋರ್ಡ್‌ನಿಂದ ಬಿಡಿಸಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ ಕೆಂಪು, ಕಪ್ಪು ವೈರ್ ಮೇಲೆ ಅಳೆಯಿರಿ. ಮೀಟರ್ ಕಡ್ಡಿಗಳು ಒಂದಕ್ಕೊಂದು ತಾಗಬಾರದು.

ಒಂದೇ ಸೆಲ್‌ನ ಬ್ಯಾಟರಿಯಲ್ಲಿ 3 ವೋಲ್ಟ್‌ಗಿಂತ ಜಾಸ್ತಿ ಬಂದರೆ ಬ್ಯಾಟರಿ ಸರಿಯಿದೆ. ತೊಂದರೆ ಪಿನ್‌ನಲ್ಲಿ ಅಥವಾ ಚಾರ್ಜಿಂಗ್ ಭಾಗದಲ್ಲಿ. ಮೂರು ವೈರಿನ ಬ್ಯಾಟರಿ ಆದರೆ ಮೂರನೆಯದು ಸಾಮಾನ್ಯವಾಗಿ ತಾಪ ನೋಡುವ ವೈರ್, ಅದು ಕಿತ್ತಿದ್ದರೂ ಚಾರ್ಜ್ ಏರುವುದಿಲ್ಲ. 2ರಿಂದ 3ರ ನಡುವೆ ಇದ್ದರೆ ಮೆಲ್ಲಗೆ ಎಬ್ಬಿಸಬಹುದು. ವೈರ್ ಮೇಲೆ ಸೊನ್ನೆ ಬಂದರೆ ತಕ್ಷಣ ಕೈಬಿಡಬೇಡಿ. ರಕ್ಷಣಾ ಬೋರ್ಡ್ ದಾಟಿ, ಸೆಲ್‌ಗೇ ಅಂಟಿದ ಎರಡು ನಿಕಲ್ ಪಟ್ಟಿಗಳ ಮೇಲೆ ಅಳೆಯಿರಿ. ಅಲ್ಲಿ 2.3, 2.6 ಅಂತ ಬಂದರೆ ಬೋರ್ಡ್ ಅಗುಳಿ ಹಾಕಿದೆ ಅಷ್ಟೆ.

ಸೆಲ್ ಮೇಲೇ 2 ವೋಲ್ಟ್‌ಗಿಂತ ಕೆಳಗಿದ್ದು, ಎಷ್ಟು ದಿನದಿಂದ ಹಾಗಿದೆ ಅಂತ ಗೊತ್ತಿಲ್ಲದಿದ್ದರೆ ಬದಲಾಯಿಸಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಯಾವುದನ್ನಾದರೂ ಎಬ್ಬಿಸಬಹುದು ಅಂತ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಅಷ್ಟು ಕೆಳಗೆ ಹೋದ ಸೆಲ್‌ನಲ್ಲಿ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಂದರಲ್ಲಿ ಕೂರುತ್ತದೆ, ಒಳಗೇ ಶಾರ್ಟ್ ಆಗುವ ದಾರಿ ಮಾಡಿಕೊಳ್ಳುತ್ತದೆ. ಅವತ್ತು ಚೆನ್ನಾಗೇ ಹಾಡಬಹುದು. ಬೆಂಕಿ ಹತ್ತುವುದು ಯಾವತ್ತೋ ಒಂದು ದಿನ, ಯಾರೂ ನೋಡದಿದ್ದಾಗ. 7.4 ವೋಲ್ಟ್ ಅಂತ ಬರೆದಿರುವ ಬ್ಯಾಟರಿಯಲ್ಲಿ ಎರಡು ಸೆಲ್ ಸಾಲಾಗಿ ಇರುತ್ತವೆ. ಒಂದು 3.4, ಇನ್ನೊಂದು 1.2 ಹೀಗೆ ಹೆಚ್ಚು ಕಮ್ಮಿ ಇದ್ದರೂ ಬದಲಾಯಿಸುವುದೇ ಸರಿ.

ಮೆಲ್ಲಗೆ ಎಬ್ಬಿಸುವುದು ಹೇಗೆ? ಸುಲಭದ ದಾರಿ ಮೊಬೈಲ್ ರಿಪೇರಿ ಅಂಗಡಿ. "ಬ್ಯಾಟರಿ ಬೂಸ್ಟ್ ಮಾಡಿಕೊಡಿ, ಅದಕ್ಕೂ ಮೊದಲು ವೋಲ್ಟ್ ನೋಡಿ ಹೇಳಿ" ಅನ್ನಿ. ಕರೆಂಟ್ ಮಿತಿ ಮಾಡುವ ಪವರ್ ಸಪ್ಲೈ ಅವರ ಮೇಜಿನ ಮೇಲೇ ಇರುತ್ತದೆ. ನೀವೇ ಮಾಡುವುದಾದರೆ ಟಿಪಿ4056 ಅನ್ನುವ ಚಿಪ್ ಇರುವ ಪುಟ್ಟ ಚಾರ್ಜಿಂಗ್ ಬೋರ್ಡ್ ಸಿಗುತ್ತದೆ, ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ. ಅದು ಒಂದು ಸೆಲ್‌ನ 3.7 ವೋಲ್ಟ್ ಬ್ಯಾಟರಿಗೆ ಮಾತ್ರ. ಬೋರ್ಡ್ ಮೇಲೆ ಬಿ ಪ್ಲಸ್ ಅಂತ ಗುರುತಿರುವ ಕಡೆ ಸೆಲ್‌ನ ಪ್ಲಸ್, ಬಿ ಮೈನಸ್ ಕಡೆ ಮೈನಸ್. ತಿರುಗುಮುರುಗು ಆದರೆ ಬೋರ್ಡ್ ಸುಡುತ್ತದೆ. ಸೆಲ್ 2.9 ವೋಲ್ಟ್ ಮುಟ್ಟುವವರೆಗೆ ಅದು ತಾನಾಗಿಯೇ ಕಮ್ಮಿ ಕರೆಂಟ್ ಕೊಡುತ್ತದೆ. ಆಮೇಲೆ 1 ಆಂಪಿಯರ್‌ಗೆ ಏರುತ್ತದೆ, ಸಣ್ಣ ಬ್ಯಾಟರಿಗೆ ಅದು ಜಾಸ್ತಿಯಾಯಿತು. ಆದ್ದರಿಂದ ಪಕ್ಕದಲ್ಲೇ ಕೂತಿರಿ. 3 ವೋಲ್ಟ್ ದಾಟಿದ ಕೂಡಲೇ ತೆಗೆದು ಸ್ಪೀಕರ್‌ಗೆ ಹಾಕಿ, ಉಳಿದದ್ದನ್ನು ಅದರ ಚಾರ್ಜರೇ ನೋಡಿಕೊಳ್ಳಲಿ.

ಇನ್ನೊಂದು ಬ್ಯಾಟರಿ ತಂದು ವೈರ್‌ಗೆ ವೈರ್ ತಾಗಿಸುವುದು, ಅಡಾಪ್ಟರ್ ಕೇಬಲ್ ಕತ್ತರಿಸಿ ನೇರ ಕೊಡುವುದು, ಫ್ರೀಜರ್‌ನಲ್ಲಿ ಇಡುವುದು, ರಕ್ಷಣಾ ಬೋರ್ಡ್ ಕಿತ್ತುಹಾಕುವುದು ಇವು ಯಾವುದನ್ನೂ ಮಾಡಬೇಡಿ.

ಎದ್ದ ಮೇಲೆ ಒಂದು ಪರೀಕ್ಷೆ

ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ ಒಂದು ದಿನ ಹಾಗೇ ಇಡಿ. ಮರುದಿನ ಚಾರ್ಜ್ ಗಮನಕ್ಕೆ ಬರುವಷ್ಟು ಇಳಿದಿದ್ದರೆ ಸೆಲ್ ಒಳಗೇ ಸೋರುತ್ತಿದೆ. ಇಳಿಯದಿದ್ದರೆ ಮಧ್ಯಮ ವಾಲ್ಯೂಮ್‌ನಲ್ಲಿ ಹಾಡು ಹಾಕಿ ಎಷ್ಟು ಗಂಟೆ ಬರುತ್ತದೆ ನೋಡಿ. ಮೆಲ್ಲಗೆ ಹಾಡಿದರೆ ಸರಿ, ವಾಲ್ಯೂಮ್ ಏರಿಸಿ ತಬಲಾ ಪೆಟ್ಟು ಬಿದ್ದ ಕೂಡಲೇ ಆಫ್ ಆಗುತ್ತದೆ ಅಂದರೆ ಬ್ಯಾಟರಿಗೆ ವಯಸ್ಸಾಗಿದೆ. ಅಮ್ಮನದು ಮೊದಲು ಬರುತ್ತಿದ್ದ ಐದು ಗಂಟೆಯ ಬದಲು ಮೂರೂವರೆ ಗಂಟೆ ಬರುತ್ತಿದೆ. ಅಡುಗೆಮನೆಗೆ ಅಷ್ಟು ಸಾಕು.

ಹೊಸ ಬ್ಯಾಟರಿ, ಹಳೇ ಬ್ಯಾಟರಿ

ಸಂತೆಯಲ್ಲಿ ಸಿಗುವ ಪುಟ್ಟ ಎಫ್‌ಎಂ ಸ್ಪೀಕರ್‌ಗಳ ಹಿಂದಿನ ಮುಚ್ಚಳ ತೆಗೆದರೆ ಹಲವು ಸಲ ಹಳೇ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಇರುತ್ತದೆ. ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು. ಉಳಿದವುಗಳಲ್ಲಿ ಹೆಚ್ಚಾಗಿ 18650 ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹಳೆಯದರ ವೋಲ್ಟ್, ಅಳತೆ, ವೈರ್ ಸಂಖ್ಯೆ ಹೊಂದುವ, ರಕ್ಷಣಾ ಬೋರ್ಡ್ ಮತ್ತು ವೈರ್ ಸಮೇತ ಇರುವ ಬ್ಯಾಟರಿಯನ್ನೇ ಕೇಳಿ. ಬರೀ ಸೆಲ್‌ಗೆ ನೇರವಾಗಿ ಬೆಸುಗೆ ಹಾಕಿದರೆ ಬಿಸಿಗೆ ಸೆಲ್ ಹಾಳಾಗುತ್ತದೆ. 18650 ಮೇಲೆ 9900 ಮಿಲಿಆಂಪಿಯರ್ ಅವರ್ ಅಂತ ಬರೆದಿದ್ದರೆ ಅದು ಸುಳ್ಳು. ಆ ಅಳತೆಯಲ್ಲಿ ಅಂಗಡಿಗಳಲ್ಲಿ ಸಿಗುವ ಒಳ್ಳೇ ಸೆಲ್ ಅಂದರೂ 3500ರ ಆಸುಪಾಸು. ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಗುರುತು, ಈ ಬ್ಯಾಟರಿಗಳ ಮಾನದಂಡದ ಸಂಖ್ಯೆ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ.

ಹಳೆಯದರ ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಮನೆಯ ಕಸಕ್ಕೆ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತಿದಾಗ ಅದು ಒಡೆದು ಹೊತ್ತಿಕೊಳ್ಳಬಹುದು, ಅಲ್ಲಿ ಕೆಲಸ ಮಾಡುವವರ ಕೈ, ಮುಖ ಅದರ ಪಕ್ಕದಲ್ಲೇ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಸರ್ವಿಸ್ ಸೆಂಟರ್‌ನಲ್ಲಿ ಅಥವಾ ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರದಲ್ಲಿ ಕೊಡಿ. ಉಬ್ಬಿದ್ದರೆ ಕೊಡುವಾಗ ಬಾಯಿಬಿಟ್ಟು ಹೇಳಿ.

ಮತ್ತೆ ಎತ್ತಿಡುವಾಗ

ನಾಲ್ಕು ಲೈಟ್ ಇರುವ ಸ್ಪೀಕರ್ ಆದರೆ ಎರಡು ಲೈಟ್ ಹತ್ತುವಷ್ಟು ಚಾರ್ಜ್ ಮಾಡಿ ಇಡಿ. ಫುಲ್ ಬೇಡ, ಖಾಲಿ ಅಂತೂ ಬೇಡವೇ ಬೇಡ. ಅಟ್ಟದ ಬದಲು ಬೀರುವಿನ ಕೆಳಗಿನ ಖಾನೆ ಒಳ್ಳೆಯದು, ತಂಪಾಗಿರುತ್ತದೆ. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಚಾರ್ಜ್ ಮಾಡಲು ಫೋನಿನಲ್ಲಿ ನೆನಪು ಹಾಕಿಕೊಳ್ಳಿ.

ಗಣೇಶನ ಹಬ್ಬಕ್ಕೆ ಹೊರಗೆ ಬರುವ, ಚಕ್ರ ಇರುವ ದೊಡ್ಡ ಟ್ರಾಲಿ ಸ್ಪೀಕರ್‌ಗಳ ಲೆಕ್ಕ ಬೇರೆ. ಅವುಗಳಲ್ಲಿ ಹಲವದರ ಒಳಗೆ 12 ವೋಲ್ಟ್‌ನ ಸೀಸದ ಬ್ಯಾಟರಿ ಇರುತ್ತದೆ, ಎತ್ತಿದರೆ ಭಾರದಲ್ಲೇ ಗೊತ್ತಾಗುತ್ತದೆ. ಸೀಸದ ಬ್ಯಾಟರಿ ಅರ್ಧ ಖಾಲಿ ಇದ್ದರೆ ಒಳಗೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಅದನ್ನು ಫುಲ್ ಮಾಡಿಯೇ ಎತ್ತಿಡಬೇಕು, ಒಂದೆರಡು ತಿಂಗಳಿಗೊಮ್ಮೆ ಮತ್ತೆ ಫುಲ್ ಮಾಡಬೇಕು. ವರ್ಷಕ್ಕೊಮ್ಮೆ ಹಬ್ಬದ ಹಿಂದಿನ ದಿನ ಮಾತ್ರ ಚಾರ್ಜಿಗೆ ಹಾಕುವ ಸಂಘದವರು ಈ ಸಲ ವಿಸರ್ಜನೆ ಮುಗಿದ ಮರುದಿನವೇ ಒಮ್ಮೆ ಹಾಕಿಬಿಡಿ.